ಹವ್ಯಾಸಿ ರೇಡಿಯೋ: ಆಪತ್ಕಾಲದ ನುಡಿದಾಸೋಹ

ದಾಸೋಹವೆಂದ ಕೂಡಲೆ ನಮ್ಮವರ ಕಣ್ಣೆದುರು ಬಂದು ನಿಲ್ಲುವುದು ಮಠದ ಅಂಗಳದಲ್ಲಿ ಸಾಲಾಗಿ ಕುಳಿತ ಭಕ್ತರ ಪಂಕ್ತಿ ಮತ್ತು ಒಲೆಯ ಮೇಲೆ ಕುದಿಯುವ ಹುಗ್ಗಿಯ ಕೊಪ್ಪರಿಗೆ. ಹಸಿದವನಿಗೆ ಅನ್ನವಿಕ್ಕುವುದು ದಾಸೋಹದ ಮೊದಲ ಮುಖವೇ ಹೊರತು ಅದರ ಸೀಮೆಯಲ್ಲ. ತನ್ನಲ್ಲಿರುವುದು ಅನ್ನವಾಗಲಿ, ಅರ್ಥವಾಗಲಿ, ಅರಿವಾಗಲಿ, ಅದನ್ನು ‘ನಾನು ಕೊಟ್ಟೆ’ನೆಂಬ ಭಾವವಿಲ್ಲದೆ ಸಮಾಜಕ್ಕೆ ಸಲ್ಲಿಸುವುದೇ ದಾಸೋಹವೆಂಬುದು ಶರಣರ ನಿಲುವು. ಈ ದೃಷ್ಟಿಯಿಂದ ನೋಡಿದರೆ, ಹೊಳೆ ಏರಿ ಬರುತ್ತಿರುವ ಸುದ್ದಿಯನ್ನು ಹೊಳೆದಂಡೆಯವನಿಗೆ ವೇಳೆ ಮೀರುವ ಮುನ್ನ, ಇದ್ದುದನ್ನು ಇದ್ದಂತೆ ಮುಟ್ಟಿಸುವುದೂ ಒಂದು ದಾಸೋಹವೇ ಸರಿ. ಅಂಥ ಸೇವೆಗೆ ಒದಗಿಬರುವ ಹವ್ಯಾಸಿ ರೇಡಿಯೋ ಎಂಬ ಸಾಧನವನ್ನು ಸದ್ಭಕ್ತರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ನೀರು

ಧಾರವಾಡ ಜಿಲ್ಲೆಯ ಬೆಣ್ಣಿಹಳ್ಳವನ್ನು ಬಲ್ಲವರಿಗೆ ಮುನ್ನೆಚ್ಚರಿಕೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ದನಕರುಗಳು ಸರಾಗವಾಗಿ ದಾಟುವ ಈ ಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆಭೂಮಿಯನ್ನು ಹಾಯ್ದು ಮಲಪ್ರಭೆಯನ್ನು ಕೂಡುತ್ತದೆ. ಎರೆಮಣ್ಣು ಒಮ್ಮೆ ಚೆನ್ನಾಗಿ ನೆನೆದ ಮೇಲೆ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವುದು ಬಹು ನಿಧಾನ. ಆಗ ಬಿದ್ದ ಮಳೆಯ ಬಹುಪಾಲು ನೆಲದ ಮೇಲೆಯೇ ಹರಿದು ಹಳ್ಳಕ್ಕೆ ಇಳಿಯುತ್ತದೆ. ಮೇಲ್ಭಾಗದಲ್ಲಿ ಸಂಜೆ ಸುರಿದ ಮಳೆ ಕೆಳಭಾಗದ ಊರಿಗೆ ರಾತ್ರಿ ಪ್ರವಾಹವಾಗಿ ಬರುವುದುಂಟು. ಆ ಊರಿನಲ್ಲಿ ಆ ಹೊತ್ತಿಗೆ ಒಂದು ಹನಿಯೂ ಬಿದ್ದಿರಲಿಕ್ಕಿಲ್ಲ. ಹೊಲದಲ್ಲಿ ವಸತಿಯಿದ್ದ ರೈತ ಸುತ್ತಲೂ ನೀರು ನಿಂತು ನಡುಗಡ್ಡೆಯಲ್ಲಿ ಸಿಕ್ಕಿಕೊಳ್ಳುವುದು ಹೀಗೆ.

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಅಸುನೀಗಿದರು. ಹೊಳೆಯ ಪಾಲಾದವರ ಜೊತೆಗೆ, ನೆನೆದು ಕುಸಿದ ಮಣ್ಣಿನ ಗೋಡೆ ಮಾಳಿಗೆಗಳಡಿ ಸಿಕ್ಕವರೂ ಅವರಲ್ಲಿದ್ದರು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರನ್ನು ಹೊಕ್ಕಳು. ಪಟ್ಟದಕಲ್ಲಿನ ದೇಗುಲಗಳ ಅಂಗಳದಲ್ಲಿಯೂ ನೀರು ನಿಂತಿತು. ಇಂಥ ವೇಳೆಯಲ್ಲಿ ಒಂದು ತಾಸು ಮೊದಲು ಬಂದ ಮಾತು ಒಂದು ಕುಟುಂಬದ ಆಯುಷ್ಯವನ್ನೇ ಉಳಿಸಬಲ್ಲದು. ಒಂದು ತಾಸು ತಡವಾಗಿ ಬಂದ ಮಾತು ಬರೀ ಸುದ್ದಿಯಾಗುತ್ತದೆ.

ಮಾತು ಎಲ್ಲಿ ಕಡಿಯುತ್ತದೆ?

ಮುನ್ಸೂಚನೆ ಕೊಡುವವರು ಇಂದು ಇಲ್ಲವೆಂದಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಜಿಲ್ಲಾವಾರು ಎಚ್ಚರಿಕೆ ನೀಡುತ್ತದೆ. ಹಳದಿಯೆಂದರೆ ಗಮನವಿಡಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿರಿ ಎಂದು ತಾತ್ಪರ್ಯ. 24 ತಾಸಿನಲ್ಲಿ 64.5 ಮಿಲಿಮೀಟರ್ ದಾಟಿದರೆ ಅದನ್ನು ಭಾರಿ ಮಳೆಯೆಂದೂ, 115.6 ದಾಟಿದರೆ ಅತಿ ಭಾರಿಯೆಂದೂ, 204.5 ತಲುಪಿದರೆ ಅತ್ಯಂತ ಭಾರಿಯೆಂದೂ ಇಲಾಖೆ ಎಣಿಸುತ್ತದೆ. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಆರಂಭವಾದ ಕಚೇರಿಯೇ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಅದು ನೆಟ್ಟ ಮಳೆಮಾಪಕಗಳು ತಾವಾಗಿಯೇ ಲೆಕ್ಕ ಕಳುಹಿಸುತ್ತವೆ. 2023ರಲ್ಲಿ ಎಲ್ಲರ ಮೊಬೈಲುಗಳಿಗೂ ಏಕಕಾಲಕ್ಕೆ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯ ಪರೀಕ್ಷೆ ನಡೆದಾಗ, ಮನೆಮನೆಯಲ್ಲೂ ಫೋನುಗಳು ವಿಚಿತ್ರವಾಗಿ ಕೂಗಿದ್ದು ಓದುಗರ ನೆನಪಿನಲ್ಲಿರಬಹುದು.

ಆದರೆ ಈ ವ್ಯವಸ್ಥೆಯ ಕೊನೆಯ ಕೊಂಡಿ ನಿಂತಿರುವುದು ವಿದ್ಯುತ್ತಿನ ಮೇಲೆ ಮತ್ತು ಮೊಬೈಲ್ ಗೋಪುರಗಳ ಮೇಲೆ. ಬಿರುಗಾಳಿಗೆ ಕಂಬ ಉರುಳಿ ಗೋಪುರದ ಬ್ಯಾಟರಿ ಬರಿದಾಯಿತೆಂದರೆ, ರಾಜಧಾನಿಯಿಂದ ಹೊರಟ ಮಾತು ಊರ ಅಗಸೆಯವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಮಾತು ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ಅದು ಕಡಿಯುವುದು ಈ ಯುಗದ ವಿಪರ್ಯಾಸ. ಕಡಿದ ಆ ಕೊಂಡಿಯನ್ನು ಬೆಸೆಯುವ ಕೆಲಸ ಹವ್ಯಾಸಿ ರೇಡಿಯೋದವರದು.

ಹ್ಯಾಮ್ ಎಂಬ ಹವ್ಯಾಸ

ಹವ್ಯಾಸಿ ರೇಡಿಯೋದವರನ್ನು ಲೋಕವೆಲ್ಲ ಹ್ಯಾಮ್ ಎಂದು ಕರೆಯುತ್ತದೆ. ಇವರು ಸಂಬಳಕ್ಕಾಗಿ ದುಡಿಯುವವರಲ್ಲ. ರೇಡಿಯೋ ವಿದ್ಯೆಯ ಮೇಲಿನ ಪ್ರೀತಿಯಿಂದ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಪರವಾನಗಿ ಪಡೆದು ಪರಸ್ಪರ ಮಾತನಾಡುವವರು. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತವಿರುತ್ತದೆ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ‘ವಿಯು2’ ಅಥವಾ ‘ವಿಯು3’ ಎಂದು ಆರಂಭವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ‘ವಿಯು2ಆರ್‌ಜಿ’ ಎಂಬುದು ಅವರ ಸಂಕೇತ. ಇದು ಆಕಾಶವಾಣಿಯಂತೆ ಪ್ರಸಾರ ಕೇಂದ್ರವಲ್ಲವೆಂಬುದನ್ನು ಮರೆಯಬಾರದು. ವ್ಯಾಪಾರ, ಜಾಹೀರಾತು, ಸಂಗೀತಗಳಿಗೆ ಅಲ್ಲಿ ಎಡೆಯಿಲ್ಲ. ನಮ್ಮ ಮಠಗಳ ಪ್ರವಚನವನ್ನು ಸಹ ಅಲ್ಲಿ ಬಿತ್ತರಿಸುವಂತಿಲ್ಲ. ಆದರೆ ಪ್ರಕೃತಿ ವಿಕೋಪದಲ್ಲಿ ಸಾಮಾನ್ಯ ಸಂಪರ್ಕ ಕೆಟ್ಟಾಗ ಪರರ ಸಂದೇಶವನ್ನು ಒಯ್ಯಲು ನಿಯಮವೇ ಅನುಮತಿ ಕೊಟ್ಟಿದೆ.

ಹ್ಯಾಮ್‌ಗಳು ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ಶಕ್ತಿ ಸುಮಾರು 5 ವ್ಯಾಟ್ ಮಾತ್ರ. ಅದರ ತರಂಗಗಳು ಹೆಚ್ಚುಕಡಿಮೆ ದೃಷ್ಟಿಯಂತೆ ನೇರವಾಗಿ ಸಾಗುವುದರಿಂದ ಮನೆ, ಮರಡಿಗಳು ಅಡ್ಡಬಂದರೆ ತಡೆದು ನಿಲ್ಲುತ್ತವೆ. ಇದಕ್ಕೆ ಪರಿಹಾರವೇ ರಿಪೀಟರ್, ಅಂದರೆ ಕೇಳಿದ್ದನ್ನು ಮರುನುಡಿಯುವ ಯಂತ್ರ. ಅದನ್ನು ಬೆಟ್ಟದ ನೆತ್ತಿಯ ಮೇಲೋ ಎತ್ತರದ ಕಟ್ಟಡದ ಮೇಲೋ ಇಟ್ಟಿರುತ್ತಾರೆ. ಅದು ಒಂದು ಕಂಪನಾಂಕದಲ್ಲಿ ಧ್ವನಿಯನ್ನು ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದು ಕಂಪನಾಂಕದಲ್ಲಿ ಹೆಚ್ಚಿನ ಬಲದಿಂದ ಹೊರಗೆ ಬಿಡುತ್ತದೆ. 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದಲ್ಲಿರುವ ಆಂಟೆನಾಗೆ ಸುಮಾರು 40 ಕಿಲೋಮೀಟರ್ ದೂರದ ಸಮತಟ್ಟು ನೆಲ ನಿಲುಕುತ್ತದೆ. ಬ್ಯಾಟರಿ ಮತ್ತು ಸೌರಫಲಕಗಳ ಆಸರೆಯಿದ್ದರೆ ಊರಿನ ವಿದ್ಯುತ್ತು ಹೋದರೂ ಅದು ಮಾತು ನಿಲ್ಲಿಸುವುದಿಲ್ಲ.

ನಡೆದು ತೋರಿದ ನಿದರ್ಶನಗಳು

1999ರ ಅಕ್ಟೋಬರ್‌ನಲ್ಲಿ ಒಡಿಶಾ ಕರಾವಳಿಯನ್ನು ಮಹಾ ಚಂಡಮಾರುತ ಅಪ್ಪಳಿಸಿದಾಗ, 2001ರ ಜನವರಿ 26ರಂದು ಕಚ್ಛ್‌ನ ಭೂಮಿ ನಡುಗಿದಾಗ, ಹ್ಯಾಮ್‌ಗಳು ತಮ್ಮ ಸೆಟ್ಟುಗಳನ್ನು ಹೊತ್ತು ಆ ನಾಡುಗಳಿಗೆ ಧಾವಿಸಿದರು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದ ಹ್ಯಾಮ್ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಲೋಕದ ಹವ್ಯಾಸಿಗಳೊಡನೆ ಮಾತನಾಡುತ್ತಿತ್ತು. 26ರ ಬೆಳಗ್ಗೆ ಭೂಕಂಪವಾಗಿ ಸುನಾಮಿ ಎದ್ದಿತು. ಹವ್ಯಾಸಕ್ಕೆಂದು ಹೋದವರು ಆ ಕ್ಷಣದಿಂದಲೇ ಸೇವೆಗೆ ನಿಂತು ದ್ವೀಪದ ಜನರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ಹೆಣ್ಣುಮಕ್ಕಳಿಗೆ ಈ ಯಂತ್ರಗಳ ಗೊಡವೆ ಏಕೆ ಎನ್ನುವವರು ಈ ತಾಯಿಯನ್ನೊಮ್ಮೆ ನೆನೆಯಬೇಕು. ಗಂಡು ಹೆಣ್ಣೆಂಬ ಭೇದವೆಣಿಸದೆ ಅನುಭವ ಮಂಟಪದಲ್ಲಿ ಎಲ್ಲರ ಮಾತಿಗೂ ಮನ್ನಣೆಯಿತ್ತ ಪರಂಪರೆ ನಮ್ಮದು.

ಇವೆಲ್ಲ ಆಪತ್ತು ಬಂದ ಮೇಲಿನ ಸೇವೆಗಳು. ಆಪತ್ತಿಗೆ ಮುಂಚಿನ ಸೇವೆಗೆ ಅಮೆರಿಕದಲ್ಲಿ ನಿದರ್ಶನವಿದೆ. ಅಲ್ಲಿಯ ಹವಾಮಾನ ಸೇವಾ ಸಂಸ್ಥೆ 162 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹಗಲಿರುಳೂ ತನ್ನದೇ ಪ್ರಸಾರ ನಡೆಸುತ್ತದೆ. ಎಚ್ಚರಿಕೆ ಹೊರಟಾಗ, ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆಂದು ತಿಳಿಸುವ ಸಂಕೇತಸ್ವರಗಳೂ ಜೊತೆಗೆ ಹೊರಡುತ್ತವೆ. ಹ್ಯಾಮ್‌ಗಳು ಆ ಸ್ವರಗಳನ್ನು ಗುರುತಿಸುವ ಗ್ರಾಹಕವನ್ನು ತಮ್ಮ ರಿಪೀಟರಿಗೆ ಜೋಡಿಸಿ, ತಮ್ಮ ಪ್ರದೇಶದ ಎಚ್ಚರಿಕೆ ತಾನಾಗಿಯೇ ಕೇಳಿಬರುವಂತೆ ಮಾಡಿಕೊಳ್ಳುವುದುಂಟು. ಮಯಾಮಿಯ ಚಂಡಮಾರುತ ಕೇಂದ್ರದಲ್ಲಿ 1980ರಿಂದಲೂ ಹ್ಯಾಮ್‌ಗಳ ಒಂದು ನಿಲ್ದಾಣವಿದೆ. ಅಂಥ ಪ್ರತ್ಯೇಕ ಪ್ರಸಾರದ ಆಧಾರವಿಲ್ಲದ ಕಡೆ ಎಚ್ಚರಿಕೆಯನ್ನು ಮನುಷ್ಯನೇ ಓದಿ ಹೇಳಬೇಕಾಗುತ್ತದೆ. ಆದ್ದರಿಂದ ಹೇಳುವವನ ಶೀಲವೇ ಇಲ್ಲಿ ಮುಖ್ಯವಾಗುತ್ತದೆ.

ನುಡಿಯ ನಿಯಮ

ರಿಪೀಟರ್ ಯಂತ್ರಕ್ಕೆ ತನ್ನದೆಂಬ ಮಾತಿಲ್ಲ. ಕೇಳಿದ್ದಕ್ಕೆ ಅದು ಒಂದಕ್ಷರ ಕೂಡಿಸುವುದಿಲ್ಲ, ಒಂದಕ್ಷರ ಕಳೆಯುವುದಿಲ್ಲ. ಎಚ್ಚರಿಕೆ ಒಯ್ಯುವ ಮನುಷ್ಯನೂ ಹಾಗೆಯೇ ಇರಬೇಕು. ಎಚ್ಚರಿಕೆ ನೀಡಿದವರು ಯಾರು, ಎಷ್ಟು ಗಂಟೆಗೆ ನೀಡಿದರು, ಎಲ್ಲಿಯವರೆಗೆ ಜಾರಿಯಲ್ಲಿದೆ, ಯಾವ ತಾಲ್ಲೂಕಿಗೆ ಅನ್ವಯ, ಜನ ಏನು ಮಾಡಬೇಕು: ಈ ಐದನ್ನು ಅವನು ಬರೆದುಕೊಂಡು ಓದಬೇಕು. ಕೇಳಿದವನು ಅದನ್ನು ಮರಳಿ ಓದಿ ಒಪ್ಪಿಸಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಬೇಕು. ಸೆಟ್ಟಿನ ಗುಂಡಿ ಒತ್ತಿದ ಕೂಡಲೇ ಮಾತು ಆರಂಭಿಸಿದರೆ ಮೊದಲ ಅಕ್ಷರ ಕತ್ತರಿಸಿಹೋಗುವುದರಿಂದ ಒಂದು ಕ್ಷಣ ತಡೆದು ನುಡಿಯಬೇಕು. ಮಾತು ಮಾತಿನ ನಡುವೆ ಬಿಡುವು ಕೊಡಬೇಕು. ಅದಕ್ಕಿಂತ ತುರ್ತಾದ ಸುದ್ದಿ ಇನ್ನೊಬ್ಬರಲ್ಲಿ ಇರಬಹುದು.

ಹಳದಿಯನ್ನು ಕೆಂಪೆನ್ನುವುದು, ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂಬುದನ್ನು ಅಣೆಕಟ್ಟೆ ಒಡೆಯಿತೆನ್ನುವುದು, ನಿನ್ನೆಯ ಎಚ್ಚರಿಕೆಯನ್ನು ಇಂದು ಮತ್ತೆ ಹರಡುವುದು, ಇವು ಸುಳ್ಳಿಗಿಂತಲೂ ಅಪಾಯಕರ. ಒಮ್ಮೆ ಹುಸಿಗೆ ಹೆದರಿ ಮನೆ ಬಿಟ್ಟು ಓಡಿದವನು ಮುಂದಿನ ಸಲ ದಿಟವನ್ನೂ ನಂಬದೆ ಮನೆಯಲ್ಲಿಯೇ ಉಳಿಯುತ್ತಾನೆ. ಅವಧಿ ಮುಗಿದ ಎಚ್ಚರಿಕೆಯನ್ನು ‘ಮುಗಿಯಿತು’ ಎಂದು ಸಾರುವುದೂ ಮೊದಲು ಸಾರಿದಷ್ಟೇ ಅಗತ್ಯ. ನುಡಿ ನಡೆಗಳು ಒಂದಾಗಿರಬೇಕೆಂದು ಶರಣರು ಬೋಧಿಸಿದ್ದನ್ನು ನಾವು ಸಾಮಾನ್ಯವಾಗಿ ಆತ್ಮೋನ್ನತಿಯ ಪಾಠವೆಂದು ತಿಳಿಯುತ್ತೇವೆ. ನೆರೆಯ ರಾತ್ರಿಯಲ್ಲಿ ಅದು ಪ್ರಾಣರಕ್ಷಣೆಯ ಪಾಠವೂ ಹೌದು.

ನಾವು ಮಾಡಬೇಕಾದದ್ದು

1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಹುಟ್ಟುಹಾಕಿದ ಕೆ.ಎಲ್.ಇ. ಸಂಸ್ಥೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಿಂದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜನ್ನು ನಡೆಸುತ್ತ ಬಂದು, 2015ರಲ್ಲಿ ಅದು ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಊರೂರುಗಳಿಂದ ಬಂದ ಮಕ್ಕಳು ವಿದ್ಯಾನಗರದ ಮನೆಗಳಲ್ಲಿ, ವಸತಿನಿಲಯಗಳಲ್ಲಿ ಇದ್ದು ಓದುತ್ತಾರೆ. ಸನಿಹದಲ್ಲಿಯೇ ಉಣಕಲ್ ಕೆರೆಯಿದೆ, ನೃಪತುಂಗ ಬೆಟ್ಟವಿದೆ. ವಿದ್ಯೆ, ಎತ್ತರ, ನೀರು ಮೂರೂ ಕೂಡಿದ ಇಂಥ ಬಡಾವಣೆಯಲ್ಲಿ ಬೀದಿಗೊಬ್ಬ ಹ್ಯಾಮ್ ಇರುವುದು ಅಸಾಧ್ಯದ ಮಾತಲ್ಲ. 12 ವರ್ಷ ತುಂಬಿದ ಯಾರೂ ಪರೀಕ್ಷೆಗೆ ಕೂಡಬಹುದು. ಮೊದಲ ಹಂತದ ಪರವಾನಗಿಗೆ ಮೋರ್ಸ್ ಸಂಕೇತಗಳ ಪರೀಕ್ಷೆಯೂ ಇಲ್ಲ. ಆದರೆ ಪರವಾನಗಿಯಿಲ್ಲದೆ ಅಂಗಡಿಯಿಂದ ಸೆಟ್ಟು ತಂದು ಮಾತನಾಡುವುದು ಅಪರಾಧ. ಅದರಿಂದ ನಿಜವಾದ ತುರ್ತು ಕರೆಗೆ ಅಡ್ಡಿಯೂ ಆದೀತು. ಸಿಡಿಲಿನ ಹೊತ್ತಿನಲ್ಲಿ ಆಂಟೆನಾದ ತಂತಿ ಬಿಚ್ಚಿಡುವುದನ್ನು ಎಳೆಯರಿಗೆ ಮೊದಲೇ ಕಲಿಸಬೇಕು. ರಿಪೀಟರೇ ಕೆಟ್ಟರೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡುವ ಅಭ್ಯಾಸವೂ ಇರಬೇಕು.

ರೇಡಿಯೋ ಮುಟ್ಟುವುದು ಹ್ಯಾಮ್‌ನ ಮನೆಯವರೆಗೆ ಮಾತ್ರ. ಅಲ್ಲಿಂದ ಹಳ್ಳದ ದಂಡೆಯ ಕೊನೆಯ ಗುಡಿಸಲಿನವರೆಗೆ ಮಾತು ನಡೆದೇ ಹೋಗಬೇಕು. ಅಲ್ಲಿಗೆ ನಮ್ಮ ಮಠಗಳು ಒದಗಬೇಕು. ಮಠದಲ್ಲಿ ಗಂಟೆಯಿದೆ, ಧ್ವನಿವರ್ಧಕವಿದೆ, ಎತ್ತರದ ನೆಲೆಯಿದೆ, ಅನ್ನದ ಒಲೆಯಿದೆ. ಎಲ್ಲಕ್ಕೂ ಮಿಗಿಲಾಗಿ, ಸ್ವಾಮಿಗಳು ಹೇಳಿದ ಮಾತನ್ನು ಜನ ನಂಬುತ್ತಾರೆ. ಅಧಿಕೃತ ಎಚ್ಚರಿಕೆ ಬಂದಾಗ ಯಾರು ಗಂಟೆ ಬಾರಿಸಬೇಕು, ಯಾರು ಯಾವ ಓಣಿಗೆ ಹೋಗಬೇಕು, ನಡೆಯಲಾಗದ ಮುದುಕರನ್ನು ಯಾರು ಹೊತ್ತು ತರಬೇಕು ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಗೊತ್ತುಮಾಡಿ ಒಮ್ಮೆ ನಡೆಸಿ ನೋಡುವುದು ಒಳ್ಳೆಯದು.

ಆದ್ದರಿಂದ ಶರಣ ಬಂಧುಗಳಲ್ಲಿ ಬಿನ್ನಹವಿಷ್ಟೇ. ಮುಂದಿನ ಮುಂಗಾರಿಗೆ ಮುನ್ನ ನಿಮ್ಮ ಮನೆಯ ಮಗನೋ ಮಗಳೋ ಈ ವಿದ್ಯೆಯನ್ನು ಕಲಿಯಲು ಮುಂದಾದರೆ ತಡೆಯಬೇಡಿ. ಅದಕ್ಕೆ ತಗಲುವ ವೆಚ್ಚವನ್ನು ದಾಸೋಹದ ಲೆಕ್ಕದಲ್ಲಿಯೇ ಬರೆದುಕೊಳ್ಳಿ.