ಸೂಜಿ, ದಾರ ಮತ್ತು ಸಹಿ: ಸಮಕಾಲೀನ ಕಲೆಯಲ್ಲಿ ಸ್ತ್ರೀವಾದದ ಒಂದು ಪ್ರಶ್ನೆ

ಸ್ತ್ರೀವಾದವು ಸಮಕಾಲೀನ ಕಲೆಯ ಮೇಲೆ ಬೀರಿದ ಪ್ರಭಾವವನ್ನು ಚರ್ಚಿಸುವಾಗ ವಸ್ತುವಿನ ಬದಲಾವಣೆಯನ್ನೇ ಮುಖ್ಯವೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ಹೆಣ್ಣಿನ ದೇಹ, ನೋವು, ಪ್ರತಿಭಟನೆಗಳು ಚಿತ್ರಪಟದ ಮೇಲೆ ಬಂದವು ಎಂಬಲ್ಲಿಗೆ ಚರ್ಚೆ ನಿಲ್ಲುತ್ತದೆ. ಆದರೆ ಅದು ಎತ್ತಿದ ಮೂಲಭೂತ ಪ್ರಶ್ನೆ ಬೇರೆ. ಯಾವುದು 'ಕಲೆ', ಯಾವುದು 'ಕೈಕೆಲಸ', ಈ ವಿಂಗಡಣೆಯನ್ನು ಮಾಡಿದವರು ಯಾರು? ಧಾರವಾಡ ಸೀಮೆಯ ಕಸೂತಿಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ರೇಷ್ಠ ಕಲಾವಿದೆಯರು ಏಕಿಲ್ಲ ಎಂಬ ಪ್ರಶ್ನೆಗೆ ಲಿಂಡಾ ನಾಕ್ಲಿನ್ 1971ರ ತಮ್ಮ ಪ್ರಬಂಧದಲ್ಲಿ ಉತ್ತರವನ್ನು ಹುಡುಕಿದ್ದು ಪ್ರತಿಭೆಯಲ್ಲಲ್ಲ, ಸಂಸ್ಥೆಗಳಲ್ಲಿ. ರೋಸಿಕಾ ಪಾರ್ಕರ್ 1984ರ ತಮ್ಮ ಗ್ರಂಥದಲ್ಲಿ ಸೂಜಿಗೆಲಸವು ಹೆಣ್ತನದ ತರಬೇತಿಯೂ ಪ್ರತಿರೋಧದ ಸಾಧನವೂ ಆದ ಬಗೆಯನ್ನು ವಿವರಿಸಿದರು. ಈ ವಾದಗಳನ್ನು ಎರವಲು ಎಂದು ತಳ್ಳಿಹಾಕುವವರು ಒಮ್ಮೆ ಇರಕಲ್ಲ ಸೀರೆಯ ಸೆರಗನ್ನು ತಿರುಗಿಸಿ ನೋಡಬೇಕು.

ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆಗಳನ್ನು ಮೂಡಿಸಬೇಕು. ಗಂಟು ಹಾಕುವಂತಿಲ್ಲ. ಗಾವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಬಿಟ್ಟ ತೆರವುಗಳನ್ನು ಮರಳುವಾಗ ತುಂಬುತ್ತದೆ. ಆದ್ದರಿಂದ ಗಾವಂತಿ, ಮುರಗಿ ಹೊಲಿಗೆಗಳಲ್ಲಿ ಒಳಮೈ ಹೊರಮೈ ಎರಡೂ ಒಂದೇ. ದಾರ ಹೊರಟಲ್ಲಿಗೇ ಮರಳಬೇಕಾದರೆ ಇಡೀ ಆಕೃತಿಯ ಹಾದಿ ಮನಸ್ಸಿನಲ್ಲಿ ಮೊದಲೇ ಸಿದ್ಧವಿರಬೇಕು. ಇಷ್ಟು ಯೋಜನಾಬದ್ಧವಾದ ರೇಖಾಜ್ಞಾನವನ್ನು 'ಬಿಡುವಿನ ವೇಳೆಯ ಕೆಲಸ' ಎಂದು ಕರೆದದ್ದು ಮುಗ್ಧ ವರ್ಗೀಕರಣವೇನೂ ಅಲ್ಲ. ಗುಡಗೇರಿ, ಕುಂದಗೋಳದ ಕಡೆ ಒಳ್ಳೆಯ ಹೊಲಿಗೆಯನ್ನು ಕಂಡಾಗ 'ಕೈ ಛಲೋ ಐತಿ' ಎನ್ನುತ್ತಾರೆ. ಹೊಗಳಿಕೆ ಕೈಗೆ ಸಲ್ಲುತ್ತದೆ, ಹೆಸರಿಗಲ್ಲ.

ಈ ಹಿನ್ನೆಲೆಯಲ್ಲಿ, ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಅವರ ಕೃತಿಗಳು ಮಹತ್ವ ಪಡೆಯುತ್ತವೆ. ಚಿತ್ರಕಲೆಯಲ್ಲಿ ತರಬೇತಿ ಪಡೆದ ಅವರು 1990ರ ದಶಕದಲ್ಲಿ ಬಣ್ಣಗಳಿಂದಾಚೆಗೆ ಸೆಗಣಿ, ಕುಂಕುಮ, ದಾರಗಳತ್ತ ಹೊರಳಿದರು. 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯಲ್ಲಿ ಸೂಜಿಗಳ ಮೂಲಕ ಹಾಯಿಸಿದ ದಾರಗಳು ಕುಂಕುಮ ಮೆತ್ತಿದ ಹುರಿಗಳಾಗಿ ಕೋಣೆಯನ್ನು ಆವರಿಸುತ್ತವೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿಯುತ್ತವೆ. ಇಲ್ಲಿ ಯಾವ ಹೆಣ್ಣಿನ ಚಿತ್ರವೂ ಇಲ್ಲ. ಸೂಜಿಗೆ ದಾರ ಪೋಣಿಸುವ ದುಡಿಮೆಯ ಪುನರಾವರ್ತನೆಯೇ ಕೃತಿಯ ಅರ್ಥವಾಗುತ್ತದೆ.

ಪುಷ್ಪಮಾಲಾ ಎನ್. ಅವರ ಮಾರ್ಗ ಬೇರೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ರೂಪಿಸಿದ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ, ಬಿಜಾಪುರ ಶೈಲಿಯ ಯೋಗಿನಿಯಾಗಿ ತಾವೇ ನಿಂತರು. ನೋಡಲ್ಪಡುವವಳೇ ನೋಟವನ್ನು ನಿರ್ದೇಶಿಸುವ ಈ ಬಗೆಯು ಪ್ರತ್ಯೇಕ ಅಧ್ಯಯನಕ್ಕೆ ಅರ್ಹ.

ಆದರೆ ಒಂದು ತೊಡಕನ್ನು ಮರೆಮಾಚಲಾಗದು. ಗ್ಯಾಲರಿಯನ್ನು ಪ್ರವೇಶಿಸಿದ್ದು ಸೂಜಿಯೇ ಹೊರತು ಕಸೂತಿ ಹಾಕುವವಳಲ್ಲ. ಕಸೂತಿಗೆ ದೊರೆತಿರುವ ಭೌಗೋಳಿಕ ಸೂಚಕದ ಮಾನ್ಯತೆಯೂ ಪ್ರದೇಶದ ಹೆಸರನ್ನು ಕಾಯುತ್ತದೆ, ಹೊಲಿದವಳದ್ದನ್ನಲ್ಲ. ಜನಪದ ಗೀತೆಗಳನ್ನು ಸಂಗ್ರಹಿಸುವಾಗ ಹಾಡಿದವರ ಹೆಸರು, ಊರುಗಳನ್ನು ದಾಖಲಿಸುವ ಶಿಸ್ತು ನಮ್ಮ ವಿಭಾಗಗಳಿಗೆ ಹೊಸತಲ್ಲ. ಕ್ಷೇತ್ರಕಾರ್ಯದಲ್ಲಿ ಸೀರೆಯೊಂದು ಎದುರಾದಾಗಲೂ ಹೊಲಿದವಳ ಹೆಸರು, ಅವಳ ತವರು, ಅವಳಿಗೆ ಕಲಿಸಿದವರು, ಆಕೃತಿಗಳಿಗೆ ಅವಳೇ ಬಳಸುವ ಪದಗಳು ಇವುಗಳನ್ನು ಅದೇ ಶಿಸ್ತಿನಿಂದ ಬರೆದಿಟ್ಟುಕೊಳ್ಳಲು ಹೊಸ ಸಿದ್ಧಾಂತವೇನೂ ಬೇಕಿಲ್ಲ.