ಪದ ಹೆಕ್ಕಿದ ಪಾದ್ರಿ

ಕನ್ನಡ ಮೇಷ್ಟರ ಬಾಯಲ್ಲಿ ಕಿಟ್ಟೆಲ್ ಅನ್ನುವುದು ಒಂದು ಪುಸ್ತಕದ ಹೆಸರು. ಹಳಗನ್ನಡದ ಪದವೊಂದು ಅಡ್ಡ ಬಂದರೆ ‘ಕಿಟ್ಟೆಲ್ ತೆಗೆದು ನೋಡು’ ಎನ್ನುತ್ತಾರೆ. ಆ ಹೆಸರಿನ ಮನುಷ್ಯ ಈ ನಾಡಿಗೆ ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಯೇಸುವಿನ ಸುವಾರ್ತೆ ಸಾರಲಿಕ್ಕೆ. ನಿಘಂಟನ್ನು ಕೊಂಡಾಡುವಾಗ ನಾವು ಈ ಮಾತನ್ನು ಮೆಲ್ಲಗೆ ದಾಟಿಬಿಡುತ್ತೇವೆ. ದಾಟಿದರೆ ಕಿಟ್ಟೆಲ್ ಅರ್ಥವಾಗುವುದಿಲ್ಲ.

ಫೆರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಉತ್ತರ ಜರ್ಮನಿಯ ಹಳ್ಳಿಯೊಂದರಲ್ಲಿ ಹುಟ್ಟಿದರು. ತಂದೆಯೂ ಪಾದ್ರಿ. 18ನೇ ವಯಸ್ಸಿಗೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಶಾಲೆ ಸೇರಿ, 1853ರಲ್ಲಿ ಕನ್ನಡ ನಾಡಿಗೆ ಬಂದರು. ಈ ಮಿಶನ್ನಿನ ಹಿಂದೆ ‘ಪಯೆಟಿಸ್ಟ್’ ಎಂಬ ಭಕ್ತಿಪಂಥದ ಬಲವಿತ್ತು. ದೇವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ, ಕೊಟ್ಟ ದಿನಗಳ ಲೆಕ್ಕ ಕೇಳುತ್ತಾನೆ ಎಂಬುದು ಆ ಪಂಥದವರ ನಂಬಿಕೆ. ಸೋಮಾರಿತನ ಅವರ ಕಣ್ಣಿಗೆ ಪಾಪವೇ. ಮಂಗಳೂರಿನಲ್ಲಿ ಮಿಶನ್ನಿನ ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆಗಳು ಎದ್ದದ್ದರಲ್ಲೂ ಈ ದುಡಿಮೆಯ ಭಕ್ತಿಯ ಪಾಲಿದೆ.

ಸುವಾರ್ತೆ ಸಾರುವವನು ಕೇಳುವವರಂತೆಯೇ ಆಗಬೇಕೆಂಬ ಸಂತ ಪೌಲನ ಮಾತನ್ನು ಕಿಟ್ಟೆಲ್ ಅಕ್ಷರಶಃ ತೆಗೆದುಕೊಂಡರು. ಭಾರತೀಯರಿಗೆ ತಾನೂ ಭಾರತೀಯನಾಗಬೇಕು! ಹಾಗಾಗಿ ಜನರ ಭಾಷೆ, ಪುರಾಣ, ಗಾದೆ, ಸಂಗೀತ ಎಲ್ಲದರ ಬೆನ್ನು ಹತ್ತಿದರು. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೆಣೆದು ‘ಕಥಾಮಾಲೆ’ ತಂದರು. ಆದರೆ ಧರ್ಮಪ್ರಚಾರಕನಾಗಿ ಅವರು ಗೆದ್ದವರಲ್ಲ. ಮಿಶನ್ನಿನ ಹಿರಿಯರಿಗೂ ಈ ದಾರಿ ಅಷ್ಟಾಗಿ ಹಿಡಿಸಲಿಲ್ಲ.

ಮನೆಯಲ್ಲೂ ಕಷ್ಟ ತಪ್ಪಲಿಲ್ಲ. 1864ರಲ್ಲಿ ಹೆಂಡತಿ ಪೌಲಿನ್ ತೀರಿಕೊಂಡರು. ಮುಂದೆ ಅವರು ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು.

ಪ್ರಚಾರದಲ್ಲಿ ಗೆಲುವು ಕಾಣದ ಕಿಟ್ಟೆಲ್ ಹಳಗನ್ನಡದ ತಾಳೆಗರಿಗಳ ಕಡೆ ಹೊರಳಿದರು. 1872ರಲ್ಲಿ ಕೇಶಿರಾಜನ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಅಚ್ಚಾದವು. 1877ರಲ್ಲಿ ತಾಯ್ನಾಡಿಗೆ ಮರಳಿದರೂ, ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಹಡಗು ಹತ್ತಿದರು. ಅಷ್ಟರಲ್ಲೇ ಕೈಗೆತ್ತಿಕೊಂಡು ಅರ್ಧಕ್ಕೆ ನಿಂತಿದ್ದ ಕನ್ನಡ-ಇಂಗ್ಲಿಷ್ ನಿಘಂಟು ಮುಗಿಯಬೇಕಿತ್ತು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು.

ಅದರ ಒಂದು ಪುಟವನ್ನು ಹತ್ತಿರದಿಂದ ನೋಡಬೇಕು. ಕನ್ನಡ ಪದ, ಇಂಗ್ಲಿಷ್ ಅರ್ಥ. ಪಕ್ಕದಲ್ಲೇ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿರುವ ಅದರ ಒಡಹುಟ್ಟುಗಳು. ಪದ ಮೈಸೂರು ಸೀಮೆಯದೋ, ಧಾರವಾಡದ ಕಡೆಯದೋ ಎಂದು ಗುರುತಿಸುವ ಪುಟ್ಟ ಚಿಹ್ನೆ. ಕಾವ್ಯದ ಸಾಲು ಸಿಕ್ಕಿದರೆ ಅದು, ಸಿಗದಿದ್ದರೆ ಊರ ಬಾಯಿಂದ ಬಂದ ಗಾದೆ. ಪಾದ್ರಿಯೊಬ್ಬ ಬೈಗುಳವನ್ನೂ ಬಿಡದೆ ಬರೆದುಕೊಂಡದ್ದು ನೆನೆದರೆ ನಗು ಬರುತ್ತದೆ. ಈ ಜೋಡಣೆಗೆ ಸ್ಥಳೀಯ ಪಂಡಿತರ ನೆರವೂ ಇತ್ತು. ಅವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ನಂಬಿಕೆ ಬದಿಗೆ ಸರಿದು ವಿದ್ವತ್ತು ಉಳಿಯಿತೇ? ಹಲವರು ಹಾಗೆನ್ನುತ್ತಾರೆ, ಆದರೆ ಅದು ಪೂರ್ತಿ ಸರಿಯಲ್ಲ. ವೇದದ ಯಜ್ಞದ ಬಗ್ಗೆ ಬರೆದಾಗಲೂ ಕಿಟ್ಟೆಲ್ ಕ್ರೈಸ್ತರಾಗಿಯೇ ಬರೆದರು. ಮತಾಂತರದ ಆಸೆಯನ್ನು ಅವರು ಮುಚ್ಚಿಟ್ಟವರಲ್ಲ. ಅದನ್ನು ಒಪ್ಪದಿರುವ ಹಕ್ಕು ಓದುಗನಿಗಿದೆ. ಆದರೆ ಚಪ್ಪಾಳೆಯಿಲ್ಲದೆ, ಸೋತು ಹೋಗುತ್ತಿರುವ ಕಣ್ಣುಗಳಲ್ಲಿ, ವರ್ಷಗಟ್ಟಲೆ ಒಂದೊಂದೇ ಪದ ಹೆಕ್ಕುವ ತಾಳ್ಮೆಗೆ ಇಂಬು ಕೊಟ್ಟದ್ದೂ ಅದೇ ನಂಬಿಕೆ. ಯಾರೂ ನೋಡದ ಕೆಲಸವನ್ನೂ ನೋಡುವವನೊಬ್ಬನಿದ್ದಾನೆ ಎಂದುಕೊಂಡವನಿಗೆ ಅವಸರ ಕಡಿಮೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಅವರ ಕನ್ನಡ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಕಿಟ್ಟೆಲ್ ಕಣ್ಣು ಮುಚ್ಚಿದರು.

ನಿಘಂಟು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಜ್ಜಿ ಆಡುತ್ತಿದ್ದ, ನೀವು ಮರೆತ ಒಂದು ಪದವನ್ನು ಅದರಲ್ಲಿ ಹುಡುಕಿ ನೋಡಿ.