ಬಾಯಿಮಾತಿನ ಹೊಸ ಬಲ

‘ಲೈಫು ಇಷ್ಟೇನೆ’ ಚಿತ್ರವನ್ನು 2011ರಲ್ಲಿ ತೆರೆಗೆ ತಂದ ಪವನ್ ಕುಮಾರರು, ತಮ್ಮ ಮುಂದಿನ ಕಥೆಗೆ ಚಿತ್ರೋದ್ಯಮದ ಹಣವಂತರಲ್ಲಿ ಆದರ ದೊರೆಯದೆ, ಮನಸ್ಸಿನ ಬೇಗುದಿಯನ್ನೆಲ್ಲ ಒಂದು ಬ್ಲಾಗಿನಲ್ಲಿ ತೋಡಿಕೊಂಡಾಗ, ಅದನ್ನು ಓದಿದವರು ಅನುಕಂಪದ ನಾಲ್ಕು ಮಾತಾಡಿ ಸುಮ್ಮನಾಗಲಿಲ್ಲ, ಹಣವನ್ನೇ ಕಳುಹಿಸಿಕೊಟ್ಟರು. ಫೇಸ್‌ಬುಕ್ಕಿನಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬಿದ ಆ ಬೇಡಿಕೆಯು ತಿಂಗಳೊಪ್ಪತ್ತಿನೊಳಗೆ ನೂರಕ್ಕೂ ಮಿಕ್ಕ ಜನರಿಂದ ಸುಮಾರು 50 ಲಕ್ಷ ರೂಪಾಯಿಗಳನ್ನು ಕೂಡಿಸಿತು. ಹಾಗೆ ಹುಟ್ಟಿದ ‘ಲೂಸಿಯಾ’ 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರೇ ಆರಿಸುವ ಪ್ರಶಸ್ತಿಯನ್ನು ಪಡೆದು, ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಕತ್ತಲಲ್ಲಿ ಟಾರ್ಚು ಹಿಡಿದು ಪರರಿಗೆ ಕುರ್ಚಿ ತೋರಿಸುವ, ತನಗೆ ಮಾತ್ರ ನಿದ್ರೆ ಬಾರದ ಬಡ ಹುಡುಗನೊಬ್ಬನ ಕಥೆಗೆ ಪ್ರೇಕ್ಷಕರೇ ಪೋಷಕರಾದರೆಂಬುದು ಕನ್ನಡ ಚಿತ್ರಪ್ರಪಂಚದ ಚರಿತ್ರೆಯಲ್ಲಿ ಸಾಮಾನ್ಯವಾದ ಸಂಗತಿಯಲ್ಲ.

ಅದುವರೆಗೆ ಪ್ರೇಕ್ಷಕನಿಗಿದ್ದ ಅಧಿಕಾರವೆಂದರೆ ಟಿಕೆಟ್ ಕೊಳ್ಳುವುದು, ಇಲ್ಲವೇ ಕೊಳ್ಳದಿರುವುದು. ಚಿತ್ರವು ಹಿಡಿಸಿದರೆ ನೆರೆಹೊರೆಯವರಿಗೂ ನಂಟರಿಷ್ಟರಿಗೂ ಹೇಳುವುದು. ಆ ಬಾಯಿಮಾತಿನ ಮಹಿಮೆಯೂ ಅಲ್ಪವಾದುದಾಗಿರಲಿಲ್ಲ. 2006ರ ಡಿಸೆಂಬರಿನ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿಯೇ ಒಂದು ವರ್ಷಕ್ಕೂ ಮಿಗಿಲಾಗಿ ಓಡಿದ್ದು ಮುಖ್ಯವಾಗಿ ಅದರಿಂದಲೇ. ಆದರೆ ಆ ಮಾತು ಊರಿಂದೂರಿಗೆ ನಡೆದುಹೋಗುತ್ತಿದ್ದ ಮಾತು. ಅದು ತಲುಪುವವರೆಗೆ ಚಿತ್ರವು ಕಾದಿರುತ್ತಿತ್ತು. ಇಂದಿನ ಮಾತು ಮೊದಲನೆಯ ಪ್ರದರ್ಶನದ ಮಧ್ಯಂತರದಲ್ಲಿಯೇ ಹೊರಟು, ಚಿತ್ರವು ಮುಗಿಯುವ ಮುನ್ನವೇ ಮೈಸೂರನ್ನೂ ಮಂಗಳೂರನ್ನೂ ಅಮೆರಿಕದ ಕನ್ನಡಿಗರ ಮನೆಗಳನ್ನೂ ಮುಟ್ಟಿಬಿಡುತ್ತದೆ. ಈ ವೇಗವೇ ಅದರ ಬಲ. ನನ್ನ ಆತಂಕವೆಲ್ಲ ಇರುವುದೂ ಈ ವೇಗದ ವಿಷಯದಲ್ಲಿಯೇ.

ಬಲದ ಮಾತನ್ನು ಮೊದಲು ಹೇಳಬೇಕು. 2015ರ ಜುಲೈ 3ರಂದು, ಹೊಸಬರೇ ಹೆಚ್ಚಾಗಿ ಕೂಡಿ ಮಾಡಿದ, ಅನೂಪ್ ಭಂಡಾರಿಯವರ ‘ರಂಗಿತರಂಗ’ ತೆರೆಕಂಡಿತು. ವಾರ ತುಂಬುತ್ತಲೇ, 10ರಂದು, ‘ಬಾಹುಬಲಿ’ಯ ಆಗಮನವಾಯಿತು. ಜನರು ಮೆಚ್ಚಿ ನೋಡುತ್ತಿದ್ದ ಕನ್ನಡ ಚಿತ್ರವನ್ನು ಮಲ್ಟಿಪ್ಲೆಕ್ಸುಗಳು ತೆರವುಗೊಳಿಸತೊಡಗಿದಾಗ, ಹಿಂದಿನ ಕಾಲವಾಗಿದ್ದರೆ ನಿರ್ಮಾಪಕರು ವಿತರಕರ ಕಚೇರಿಗಳಲ್ಲಿ ಅಂಗಲಾಚಿ ಕಡೆಗೆ ಕೈಚೆಲ್ಲುತ್ತಿದ್ದರು. ಈ ಸಲ ಪ್ರತಿಭಟಿಸಿದವರು ಪ್ರೇಕ್ಷಕರು. ಫೇಸ್‌ಬುಕ್ಕಿನಲ್ಲಿಯೂ ಟ್ವಿಟರಿನಲ್ಲಿಯೂ ಎದ್ದ ಆ ಕೂಗು ಚಿತ್ರದ ಕೈಬಿಡಲಿಲ್ಲ. ‘ರಂಗಿತರಂಗ’ ನೂರು ದಿನಗಳನ್ನು ದಾಟಿತು. ಪತ್ರಿಕಾ ಜಾಹೀರಾತಿಗೆ ಹಣವಿಲ್ಲದವನಿಗೂ, ತಾರಾಬಲವಿಲ್ಲದವನಿಗೂ ಒಂದು ಆಸರೆಯುಂಟೆಂದು ಅಂದು ಎಷ್ಟು ಮಂದಿ ತರುಣ ನಿರ್ದೇಶಕರು ಧೈರ್ಯ ತಂದುಕೊಂಡಿರಬೇಕು!

‘ಕಾಂತಾರ’ದ ಕಥೆ ಇದಕ್ಕಿಂತ ವಿಸ್ತಾರವಾದುದು, ಜಟಿಲವಾದುದು. ಕುಂದಾಪುರದ ಕಡೆಯ ಕೆರಾಡಿಯಲ್ಲಿ ಹುಟ್ಟಿದ ರಿಷಬ್ ಶೆಟ್ಟಿಯವರು, ಆ ನೆಲದ ಪಂಜುರ್ಲಿ, ಗುಳಿಗ ದೈವಗಳನ್ನು ಮುಂದಿಟ್ಟು ಮಾಡಿದ ಈ ಚಿತ್ರವು 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದಾಗ ಕೇವಲ ಕನ್ನಡದಲ್ಲಿತ್ತು. ಕನ್ನಡ ಬಾರದವರೂ ಅದನ್ನು ಹುಡುಕಿಕೊಂಡು ಹೋಗಿ, ಕಡೆಯ ದೃಶ್ಯವನ್ನು ಕಂಡು ಬೆರಗಾಗಿ, ಆ ಬೆರಗನ್ನು ತಮ್ಮ ತಮ್ಮ ಭಾಷೆಯಲ್ಲಿ ಬರೆದುಕೊಂಡರು. ಎರಡು ವಾರ ಕಳೆಯುತ್ತಲೇ, ಅಕ್ಟೋಬರ್ 14ರಂದು, ಹಿಂದಿಯ ಅವತರಣಿಕೆ ಹೊರಬಂದಿತು. ತೆಲುಗು, ತಮಿಳು, ಮಲಯಾಳಗಳೂ ಹಿಂಬಾಲಿಸಿದವು. ಅದೇ ತಿಂಗಳು ರಾಜ್ಯ ಸರಕಾರವು 60 ವರ್ಷ ಮೀರಿದ ದೈವನರ್ತಕರಿಗೆ ಮಾಸಿಕ 2000 ರೂಪಾಯಿಗಳ ಸಹಾಯಧನವನ್ನು ಘೋಷಿಸಿತು. ಜೀವಮಾನವೆಲ್ಲ ಬಣ್ಣ ಹಚ್ಚಿ, ಅಣಿ ಕಟ್ಟಿ, ರಾತ್ರಿಯಿಡೀ ಕುಣಿದು ಮುಪ್ಪಾದ ಆ ಜನರತ್ತ ಲೋಕದ ದೃಷ್ಟಿ ಹೊರಳಿತೆಂಬುದನ್ನು ಬೆಲೆಯುಳ್ಳ ಲಾಭವೆಂದೇ ನಾನು ಬಗೆಯುತ್ತೇನೆ.

ಆದರೆ ಲಾಭದ ಬೆನ್ನಿಗೇ ನಷ್ಟವೂ ಬಂದಿತು. ಮನೆತನದ ಹಿರಿಯರು ಕೈಮುಗಿದು ನಿಂತು ಕೇಳುವ ದೈವದ ಕೂಗು, ಅರೆನಿಮಿಷದ ರೀಲ್ಸ್‌ಗಳಲ್ಲಿ ಕಂಡಕಂಡವರ ಗಂಟಲಿನ ಆಟವಾಯಿತು. ದೈವದ ವೇಷವನ್ನೇ ಧರಿಸಿ ಚಿತ್ರೀಕರಿಸಿಕೊಂಡವರೂ, ಅದನ್ನು ಧರಿಸಿ ಚಿತ್ರಮಂದಿರಕ್ಕೇ ಬಂದವರೂ ಉಂಟು. 2025ರ ಅಕ್ಟೋಬರಿನಲ್ಲಿ ‘ಕಾಂತಾರ ಅಧ್ಯಾಯ 1’ ಬಂದಾಗ, ದೈವದ ಅನುಕರಣೆಯನ್ನು ದಯವಿಟ್ಟು ಮಾಡಬಾರದೆಂದು ನಿರ್ಮಾಣ ಸಂಸ್ಥೆಯೇ ಸಾರ್ವಜನಿಕರನ್ನು ಬೇಡಿಕೊಳ್ಳಬೇಕಾಯಿತು. ಎರಡೂವರೆ ಗಂಟೆಗಳ ಚಿತ್ರದಲ್ಲಿ ನೆಲದ ಹಕ್ಕು, ವಂಶದ ಋಣ, ಕೊಟ್ಟ ಮಾತು ತಪ್ಪಿದುದರ ಫಲ, ಇವೆಲ್ಲವುಗಳ ಕಟ್ಟಿನಲ್ಲಿ ಅರ್ಥ ಪಡೆದಿದ್ದ ಕೂಗೊಂದನ್ನು ಅಲ್ಲಿಂದ ಕತ್ತರಿಸಿ ತೆಗೆದಾಗ ಉಳಿದದ್ದು ಬರಿಯ ಸದ್ದು. ಇಂಥ ತುಣುಕುಗಳಿಗೆ ಒದಗಲೆಂದೇ ದೃಶ್ಯಗಳನ್ನೂ ಹಾಡುಗಳನ್ನೂ ಹೆಣೆಯುವ ಅಭ್ಯಾಸವು ಇತ್ತೀಚಿನ ಚಿತ್ರಗಳಲ್ಲಿ ಎದ್ದು ಕಾಣುತ್ತಿದೆ. ಕಥೆಯು ಅದಕ್ಕಾಗಿ ದಾರಿ ಬಿಟ್ಟು ನಿಲ್ಲಬೇಕಾಗಿದೆ.

ಕಿರುತೆರೆಯ ಪಾಡೂ ಇದೇ. ಧಾರಾವಾಹಿಗಳ ಹಣೆಬರಹವನ್ನು ಬರೆಯುವುದು ಇಂದಿಗೂ ಗುರುವಾರದ ಟಿಆರ್‌ಪಿಯೇ ಆದರೂ, ರಾತ್ರಿ ಪ್ರಸಾರವಾಗುವ ಕಂತಿನ ಸಾರವನ್ನು ಪ್ರೋಮೋಗಳು ಬೆಳಿಗ್ಗೆಯೇ ಮೊಬೈಲಿಗೆ ತಲುಪಿಸುತ್ತವೆ. ಬಿಗ್ ಬಾಸ್ ಮನೆಗೆ ಹೋಗುವವರಲ್ಲಿ ರೀಲ್ಸ್‌ನಿಂದಲೇ ಹೆಸರಾದವರು ಸೇರಿಕೊಂಡಿದ್ದಾರೆ.

ಇದೆಲ್ಲಕ್ಕಿಂತಲೂ ನನ್ನನ್ನು ಕಾಡುವುದು ಶುಕ್ರವಾರ ಮಧ್ಯಾಹ್ನದೊಳಗೆ ಹೊರಬೀಳುವ ತೀರ್ಪು. ಹಣ ಪಡೆದು ಹೊಗಳುವವರೂ, ಪ್ರತಿಸ್ಪರ್ಧಿ ನಟನ ಚಿತ್ರವನ್ನು ಕಾಣದೆಯೇ ಹಳಿಯುವ ಅಭಿಮಾನಿಗಳೂ, ನಿಜವಾಗಿ ನೋಡಿ ನುಡಿಯುವ ಸಾಮಾನ್ಯನೊಡನೆ ಒಂದೇ ಸಾಲಿನಲ್ಲಿ ನಿಂತಿರುವಾಗ ಯಾರ ಮಾತನ್ನು ನಂಬುವುದು? ಕೇರಳದಲ್ಲಿ ಈ ಪೀಡೆ ಹೈಕೋರ್ಟಿನ ಮೆಟ್ಟಿಲನ್ನೇರಿತು. ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು, ಬಿಡುಗಡೆಯ ಮೊದಲ 48 ಗಂಟೆಗಳ ಕಾಲ ವಿಮರ್ಶೆಯನ್ನು ತಡೆದಿರಿಸಬೇಕೆಂದು 2024ರಲ್ಲಿ ಸಲಹೆಯಿತ್ತರು. ಸಿನಿಮಾದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಈ ಸಲಹೆಯನ್ನು ನಾನು ಒಪ್ಪಲಾರೆ. ಬಾಯಿಗೆ ಬೀಗ ಹಾಕಿದರೆ ದುರುದ್ದೇಶದವನ ಜೊತೆಗೆ, ‘ರಂಗಿತರಂಗ’ವನ್ನು ಕಾಪಾಡಿದ ಪ್ರಾಮಾಣಿಕ ಪ್ರೇಕ್ಷಕನ ಬಾಯಿಯೂ ಮುಚ್ಚುತ್ತದೆ. ತಾರೆಯರಿಲ್ಲದ ಚಿತ್ರಕ್ಕೆ ಆ ಮೊದಲ ಎರಡು ದಿನಗಳಲ್ಲಿ ಅವನನ್ನು ಬಿಟ್ಟರೆ ಗತಿಯಿಲ್ಲ.

ಬೇಕಾದುದು ಚಿತ್ರಕ್ಕೆ ಕೆಲವು ದಿನಗಳ ಬಿಡುವು. 2014ರ ಮಾರ್ಚಿನಲ್ಲಿ ಬಂದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಚಿತ್ರಮಂದಿರಗಳಲ್ಲಿ ನಿರೀಕ್ಷಿತ ಯಶಸ್ಸನ್ನು ಕಾಣದೆ ನಿರ್ಗಮಿಸಿತು. ಆನಂತರದ ವರ್ಷಗಳಲ್ಲಿ ಇದೇ ಜಾಲತಾಣಗಳಲ್ಲಿ ತರುಣರು ಅದನ್ನು ಮತ್ತೆ ಮತ್ತೆ ಎತ್ತಿ ಆಡಿ, ಅದರ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು, ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಕಾಣಿಸುವ ಅದರ ರಚನೆಯನ್ನು ಚರ್ಚಿಸಿ, ಈಚಿನ ಕನ್ನಡ ಚಿತ್ರಗಳ ನಡುವೆ ಅದಕ್ಕೊಂದು ಗೌರವದ ಪೀಠವನ್ನು ಕೊಟ್ಟರು. 2017ರಲ್ಲಿ ಅದು ‘ರಿಚೀ’ ಎಂಬ ಹೆಸರಿನಿಂದ ತಮಿಳಿಗೂ ಹೋಯಿತು. ಮಲ್ಪೆಯ ಕಡಲಂಚಿನ ಆ ಕಥೆಯನ್ನು ಇಂದು ಮೆಚ್ಚಿ ಬರೆಯುವವರಲ್ಲಿ ಬಹುಮಂದಿ ಅದನ್ನು ದೊಡ್ಡ ತೆರೆಯ ಮೇಲೆ ನೋಡಿದವರಲ್ಲ. ಇಂಥ ಚಿತ್ರವೊಂದು ಈ ಶುಕ್ರವಾರ ಬಿಡುಗಡೆಯಾಗಿದ್ದರೆ, ಅದಕ್ಕೆ ಎರಡನೆಯ ಭಾನುವಾರದ ಪ್ರದರ್ಶನವೊಂದನ್ನು ಉಳಿಸಿಕೊಡಬೇಕೆಂದು ಚಿತ್ರಮಂದಿರಗಳ ಒಡೆಯರಲ್ಲಿ ನನ್ನ ಕೋರಿಕೆ.